ಒಂದು ಚಿಟಿಕೆ ಮಳೆ

ಟಿ.ವಿ.ಯಲ್ಲಿ ಹವಾಮಾನ ಹೇಳುವವನ ಬೆನ್ನ ಹಿಂದೆ ನಿಮಗೆ ಕಾಣುವ ನಕ್ಷೆ ಅವನಿಗೆ ಕಾಣುವುದಿಲ್ಲ. ಅಲ್ಲಿರುವುದು ಹಸಿರು ಬಳಿದ ಬೋಳು ಗೋಡೆ, ಅಷ್ಟೆ. ಪಕ್ಕದಲ್ಲಿಟ್ಟ ಪುಟ್ಟ ಪರದೆಯನ್ನು ಓರೆಗಣ್ಣಿನಲ್ಲಿ ನೋಡುತ್ತ, ಮುಖದ ಮೇಲೆ ನಗು ಇಟ್ಟುಕೊಂಡು, ಖಾಲಿ ಗೋಡೆಯ ಮೇಲೆ ಕೈಯಾಡಿಸಿ, ಇಲ್ಲದ ಮೋಡವನ್ನು ಇಲ್ಲದ ಬೆಟ್ಟದ ಮೇಲೆ ತೋರಿಸಬೇಕು. ಹೊಸಬರು ಮೊದಮೊದಲು ಬೆಟ್ಟದ ಮಳೆಯನ್ನೆಲ್ಲ ಎತ್ತಿ ಸಮುದ್ರಕ್ಕೆ ಸುರಿದು ಬೈಸಿಕೊಳ್ಳುತ್ತಾರೆ. ಈ ಕಥೆಯ ಹವಾಮಾನದವನು ಹೊಸಬನಲ್ಲ. ಕಣ್ಣು ಕಟ್ಟಿ ನಿಲ್ಲಿಸಿದರೂ ಆ ಗೋಡೆಯಲ್ಲಿ ಯಾವ ಊರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲ. ಬೀದಿಯವರು ಅವನಿಗೆ ಮಳೆರಾಯ ಎಂದು ಹೆಸರಿಟ್ಟು ಬಹಳ ಕಾಲವಾಗಿತ್ತು. ಅಂಗಡಿಗೆ ಹೋದರೆ ಅಂಗಡಿಯವನು ಸಾಮಾನು ಕಟ್ಟುವುದು ಬಿಟ್ಟು, "ಏನ್ ಸಾರ್, ಇವತ್ತು ಬಟ್ಟೆ ಒಣಗಿಸಬಹುದಾ?" ಎನ್ನುತ್ತಿದ್ದ. ಇವನು ನಕ್ಕು, "ಒಣಗಿಸಿ, ಆದ್ರೆ ಒಂದು ಕಣ್ಣಿಟ್ಟಿರಿ" ಎನ್ನುತ್ತಿದ್ದ. ಹಾಗೆ ಹೇಳಿಯೇ ಅವನು ಇಷ್ಟು ವರ್ಷ ಬೈಸಿಕೊಳ್ಳದೆ ಬದುಕಿದ್ದು.

ಅದರ ಗುಟ್ಟು ಇಷ್ಟೆ. ಹವಾಮಾನ ಕೇಂದ್ರದಿಂದ ದಿನವೂ ಲೆಕ್ಕ ಬರುತ್ತದೆ: ನಾಳೆ ಮಳೆಯ ಸಾಧ್ಯತೆ ನೂರಕ್ಕೆ ಹತ್ತು, ನೂರಕ್ಕೆ ಇಪ್ಪತ್ತು, ಹೀಗೆ. ಇಪ್ಪತ್ತು ಎಂದರೆ ಹೆಚ್ಚುಕಡಿಮೆ ಬರುವುದಿಲ್ಲ ಎಂದೇ. ಆದರೆ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೇಲೆ ನಾಲ್ಕು ಹನಿ ಬಿದ್ದರೆ ಮುಗಿಯಿತು. ಚಾನೆಲ್ಲಿಗೆ ಫೋನಿನ ಮೇಲೆ ಫೋನು, ನೆನೆದ ಬಟ್ಟೆಯ ಫೋಟೋ, ನಿಮ್ಮವನಿಗೆ ತಲೆ ಸರಿ ಇದೆಯಾ ಎಂಬ ಪ್ರಶ್ನೆ. ಅದೇ ಬರುತ್ತದೆ ಎಂದು ಹೇಳಿ ಬಾರದೆ ಹೋದರೆ? ಯಾರೂ ಫೋನು ಮಾಡುವುದಿಲ್ಲ. ಬಿಸಿಲು ಬಿತ್ತೆಂದು ಹವಾಮಾನದವನ ಮೇಲೆ ಮುನಿಸಿಕೊಂಡವರು ಎಲ್ಲಿದ್ದಾರೆ? ಹಾಗಾಗಿ ಲೆಕ್ಕ ಇಪ್ಪತ್ತು ಎಂದರೆ ಇವನು ನಲವತ್ತು ಎನ್ನುತ್ತಿದ್ದ. ಹತ್ತು ಎಂದರೆ "ಅಲ್ಲಲ್ಲಿ ತುಂತುರು." ಇಳಿಸಿದ ಅಡುಗೆಗೆ ಕೊನೆಯಲ್ಲಿ ಉಪ್ಪು ಉದುರಿಸಿದ ಹಾಗೆ ಒಂದು ಚಿಟಿಕೆ ಮಳೆ. ಈಚೆಗೆ ಎರಡು ವರ್ಷದಿಂದ ಶನಿವಾರ ಭಾನುವಾರಕ್ಕೆ ಚಿಟಿಕೆ ಸ್ವಲ್ಪ ಧಾರಾಳ, ಯಾಕೆಂದರೆ ರಜೆಯ ದಿನ ನೆನೆದವರ ಸಿಟ್ಟು ಜಾಸ್ತಿ. ಇದನ್ನು ಅವನಿಗೆ ಹೇಳಿಕೊಟ್ಟದ್ದು ಅವನಿಗಿಂತ ಮುಂಚೆ ಆ ಗೋಡೆಯ ಮುಂದೆ ನಿಂತಿದ್ದವರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಚಿಟಿಕೆ ಹಾಕಿ ಅಭ್ಯಾಸವಾದ ಕೈ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಹೆಂಡತಿ ಕೆಲಸದ ಸಂದರ್ಶನಕ್ಕೆ ಹೊರಟರೆ, "ಸಿಗದಿದ್ರೂ ಬೇಜಾರು ಮಾಡ್ಕೋಬೇಡ" ಎಂದು ಬಾಗಿಲಲ್ಲಿ ನಿಂತು ಹೇಳುವನು. ಅವಳು ಚಪ್ಪಲಿ ಮೆಟ್ಟುತ್ತ, "ರೀ, ನಾನಿನ್ನೂ ಮೆಟ್ಟಿಲೇ ಇಳಿದಿಲ್ಲ" ಎನ್ನುವಳು. ಹೈಸ್ಕೂಲಿನ ಮಗಳು ಪರೀಕ್ಷೆ ಬರೆದು ಬಂದರೆ, "ಕಮ್ಮಿ ಬಂದ್ರೂ ಪರವಾಗಿಲ್ಲ, ಬಿಡು" ಎಂದು ತಲೆ ಸವರುವನು. ಮಗಳು ಕ್ಲಾಸಿಗೇ ಎರಡನೆಯವಳಾಗಿ ಬಂದ ದಿನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವನೂ ಅವನೇ. ಮಗಳು ಮಾತ್ರ ಕುಣಿಯಲಿಲ್ಲ.

"ಅಪ್ಪ, ನಾನು ಫೇಲಾಗ್ತೀನಿ ಅಂತ ನಿಂಗೆ ನಿಜವಾಗ್ಲೂ ಅನ್ಸಿತ್ತಾ?"

"ಛೆ ಛೆ, ಸುಮ್ನೆ ಹೇಳಿದ್ದು."

"ಸುಮ್ನೆ ಅಂದ್ರೆ?"

ಅವನು ಲೋಟ ಕೈಗೆತ್ತಿಕೊಂಡ. ಟೀ ಕುಡಿದು ಕೆಲಸಕ್ಕೆ ಹೊರಟುಹೋದ.

ಅವನಿಗೆ ಒಬ್ಬಳೇ ತಂಗಿ. ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿದ್ದರೂ ಅವನಿಗೆ ಅವಳು ಪುಟ್ಟಿಯೇ. ಅವಳೂ ಅವಳ ಗಂಡನೂ ಊರಾಚೆಯ ದೊಡ್ಡ ಕೆರೆಯ ದಡದಲ್ಲಿ ಕಾಲಲ್ಲಿ ತುಳಿಯುವ ದೋಣಿಗಳನ್ನು ಬಾಡಿಗೆಗೆ ಬಿಡುತ್ತಿದ್ದರು. ಒಂದು ತಗಡಿನ ಟಿಕೆಟ್ ಗೂಡು, ಮರದ ಹಲಗೆಯ ಕಟ್ಟೆ, ಅದಕ್ಕೆ ಹಗ್ಗದಲ್ಲಿ ಕಟ್ಟಿದ ಹಳದಿ, ಕೆಂಪು ದೋಣಿಗಳು. ವಾರದ ದಿನಗಳಲ್ಲಿ ಕ್ಲಾಸಿಗೆ ಚಕ್ಕರ್ ಹೊಡೆದ ಕಾಲೇಜಿನ ಜೋಡಿಗಳು ಬಿಟ್ಟರೆ ಯಾರೂ ಇಲ್ಲ. ಅವರ ಹೊಟ್ಟೆಪಾಡು ನಡೆಯುತ್ತಿದ್ದುದು ಶನಿವಾರ, ಭಾನುವಾರ. ಆ ಶನಿವಾರ ಭಾನುವಾರಗಳೇ ಎರಡು ವರ್ಷದಿಂದ ಕೈಕೊಟ್ಟಿದ್ದವು. ಜನಕ್ಕೆ ದೋಣಿಯ ಹುಚ್ಚು ಇಳಿದಿದೆ ಎಂದು ಗಂಡ, ತನ್ನ ಹಣೆಬರಹ ಎಂದು ಹೆಂಡತಿ, ಇಬ್ಬರೂ ಒಂದೊಂದು ಕಾರಣ ಹುಡುಕಿಕೊಂಡಿದ್ದರು. ಮಕ್ಕಳ ಈ ರಜೆ ಮುಗಿಯುವುದರೊಳಗೆ ಜನ ಬಾರದಿದ್ದರೆ ದೋಣಿಗಳನ್ನು ಮಾರಿಬಿಡುವುದು ಎಂದು ಮಾತಾಗಿತ್ತು. ಪಕ್ಕದ ಊರಿನವನೊಬ್ಬ ಕೊಳ್ಳಲು ಕಾದು ಕುಳಿತಿದ್ದ.

ಇಷ್ಟು ಗೊತ್ತಿದ್ದೂ ನಮ್ಮ ಮಳೆರಾಯ ತಂಗಿಯ ಮನೆಯಲ್ಲಿ ಊಟಕ್ಕೆ ಕುಳಿತು ಬಾಯಿ ಬಿಟ್ಟ. ತಂಗಿಯ ಗಂಡ ಮೆತ್ತಗಿನ ಮನುಷ್ಯ, ಮಾತಿಗೆ ಮಾತು ಸೇರಲಿ ಎಂದು ಕೇಳಿದ್ದು: "ಅಲ್ಲ ಭಾವ, ನೀವು ಹೇಳಿದ್ದು ತಪ್ಪಾದ್ರೆ ಜನ ಬಯ್ಯಲ್ವಾ?"

"ಬಯ್ಯೋ ಹಾಗೆ ಹೇಳಿದ್ರೆ ತಾನೇ, ಭಾವ, ಬಯ್ಯೋದು?" ಎಂದು ಇವನು ಕೈ ತೊಳೆಯುವ ಮೊದಲೇ ಕಥೆ ಶುರು ಮಾಡಿದ. ಲೆಕ್ಕ ಇಪ್ಪತ್ತು ಬಂದರೆ ನಲವತ್ತು ಮಾಡುವುದು, ಹತ್ತಕ್ಕೆ ತುಂತುರು ಹಚ್ಚುವುದು, ರಜೆಯ ದಿನಕ್ಕೆ ಸ್ವಲ್ಪ ಜಾಸ್ತಿ ಉದುರಿಸುವುದು. ಬೆರಳುಗಳಲ್ಲಿ ಚಿಟಿಕೆ ಮಾಡಿ ತಟ್ಟೆಯ ಮೇಲೆ ಉದುರಿಸಿಯೂ ತೋರಿಸಿದ. ತಂಗಿಯ ಗಂಡ ನಕ್ಕ. ಜೊತೆಗೆ ಬಂದಿದ್ದ ಇವನ ಹೆಂಡತಿಯೂ ನಕ್ಕಳು. ಬಡಿಸುತ್ತಿದ್ದ ತಂಗಿ ಸೌಟನ್ನು ಪಾತ್ರೆಯೊಳಗೆ ಬಿಟ್ಟು ನಿಂತಳು.

"ಹೋದ ಶನಿವಾರ ಎಷ್ಟಿತ್ತು ಅಣ್ಣ?"

"ಹೋದ ಶನಿವಾರ... ಹತ್ತೋ ಹದಿನೈದೋ."

"ನೀನು ಟೀವೀಲಿ ಏನಂದೆ?"

"ಮಧ್ಯಾಹ್ನದ ಮೇಲೆ ಅಲ್ಲಲ್ಲಿ..." ಎಂದು ಶುರುಮಾಡಿದವನಿಗೆ ತಾನು ಏನು ಹೇಳುತ್ತಿದ್ದೇನೆಂದು ಆಗ ಹೊಳೆಯಿತು. ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

"ಅದರ ಹಿಂದಿನ ಶನಿವಾರ?"

ಅವನು ತಟ್ಟೆ ನೋಡಿದ.

"ನೀನು ಹೇಳ್ದೆ ಅಂತ ಟಿಕೆಟ್ ಕೊಡೋ ಹುಡುಗಿಗೆ ರಜ ಕೊಟ್ಟೆ. ನೀನು ಹೇಳ್ದೆ ಅಂತ ಜನಾನೂ ಬರ್ಲಿಲ್ಲ. ಮೇಲೆ ಬಿಸಿಲು ಹೊಡೀತಾ ಇತ್ತು. ನಾವಿಬ್ರೂ ಆ ಬಿಸಿಲಲ್ಲಿ ಆಕಾಶ ನೋಡ್ಕೊಂಡು ಕೂತಿದ್ವಿ, ಅಣ್ಣ ಹೇಳಿದಾನೆ, ಇನ್ನೇನು ಮಳೆ ಬರುತ್ತೆ ಅಂತ." ತಂಗಿಯ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. "ಎರಡು ವರ್ಷದಿಂದ ಇದು ನನ್ನ ಹಣೆಬರಹ ಅಂದ್ಕೊಂಡಿದ್ದೆ. ಬರೀತಿದ್ದೋನು ನನ್ನ ಮನೇಲೇ ಕೂತು ಊಟ ಮಾಡ್ತಿದಾನೆ."

ಅವತ್ತಿನಿಂದ ಅವಳು ಅಣ್ಣನ ಜೊತೆ ಮಾತು ಬಿಟ್ಟಳು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಹೇಳಬೇಕಾದ್ದು ಏನಾದರೂ ಇದ್ದರೆ ಅತ್ತಿಗೆಗೆ ಮಾಡಿ, "ನಿಮ್ಮ ಮನೆಯವ್ರಿಗೆ ಹೇಳಿ ಅತ್ತಿಗೆ" ಎನ್ನುತ್ತಿದ್ದಳು. ಅವನಿಗೆ ಅನ್ನ ಸೇರದಾಯಿತು. ಚಿಕ್ಕಂದಿನಲ್ಲಿ ಅವಳು ಮುನಿಸಿಕೊಂಡರೆ ಅವನು ಕೋತಿಯ ಹಾಗೆ ಮುಖ ಮಾಡಿ ನಗಿಸುತ್ತಿದ್ದ. ಈಗ ಯಾವ ಮುಖ ಮಾಡುವುದೆಂದು ತೋಚಲಿಲ್ಲ. ತಂಗಿಗೆ ತಾನು ಕೆಟ್ಟದ್ದು ಬಯಸಿದವನಲ್ಲ ಎಂದು ಹೇಳಿಕೊಳ್ಳೋಣವೆಂದರೆ, ಕೆಟ್ಟದ್ದು ಬಯಸದೆಯೇ ಇಷ್ಟು ಮಾಡಿದ್ದೇನಲ್ಲ ಎಂದು ಇನ್ನಷ್ಟು ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ತಡೆಯಲಾರದೆ ಕೆರೆಗೇ ಹೋದ. ತಂಗಿ ಹಲಗೆಯ ಕಟ್ಟೆಯ ಮೇಲೆ ಕುಳಿತು, ಕವುಚಿಹಾಕಿದ ದೋಣಿಯ ಹಳೆಯ ಬಣ್ಣ ಕೆರೆಯುತ್ತಿದ್ದಳು. ಅವಳ ಗಂಡ ಪಕ್ಕದಲ್ಲಿ ಪೆಡಲಿಗೆ ಎಣ್ಣೆ ಬಿಡುತ್ತಿದ್ದ.

"ಪುಟ್ಟಿ, ಇನ್ಮೇಲೆ ಪ್ರತಿ ಶನಿವಾರ ಮಳೆ ಇಲ್ಲ ಅಂತಾನೇ ಹೇಳ್ತೀನಿ. ಲೆಕ್ಕ ಏನೇ ಇರ್ಲಿ" ಎಂದ.

ತಂಗಿ ತಲೆಯೆತ್ತದೆ ಗಂಡನಿಗೆ ಹೇಳಿದಳು: "ನಿಮ್ಮ ಭಾವನಿಗೆ ಹೇಳಿ, ನನಗೋಸ್ಕರ ಸುಳ್ಳು ಹೇಳೋದು ಬೇಡ. ಇಷ್ಟು ದಿನ ಹೇಳಿದ್ದೇ ಸಾಕು. ಇದ್ದದ್ದನ್ನ ಇದ್ದ ಹಾಗೆ ಹೇಳೋಕೆ ಆದ್ರೆ ಹೇಳ್ಲಿ. ಆಗದಿದ್ರೆ ಈ ಕಡೆ ಬರೋದು ಬೇಡ."

ಗಂಡ ಎಣ್ಣೆಯ ಡಬ್ಬಿ ಕೆಳಗಿಟ್ಟು, ಕೈ ಒರೆಸಿಕೊಂಡು, ಎದುರಿಗೇ ನಿಂತಿದ್ದ ಭಾವನ ಕಡೆ ತಿರುಗಿ, "ಭಾವ, ಸುಳ್ಳು ಬೇಡವಂತೆ. ಇದ್ದ ಹಾಗೆ ಹೇಳ್ಬೇಕಂತೆ" ಎಂದ. ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು.

ರಜೆಯ ಕೊನೆಯ ವಾರ ಬಂತು. ಶುಕ್ರವಾರ ಲೆಕ್ಕ ನೋಡಿದರೆ ಮರುದಿನಕ್ಕೆ ನೂರಕ್ಕೆ ಹತ್ತು. ಅವನು ಕುರ್ಚಿ ಎಳೆದುಕೊಂಡು ಎಲ್ಲ ನಕ್ಷೆಗಳನ್ನೂ ಇನ್ನೊಮ್ಮೆ ತೆಗೆದ. ಗಾಳಿ ಎತ್ತ, ತೇವ ಎಷ್ಟು, ಮೋಡ ಎಲ್ಲಿ. ತಂಗಿಯ ಮುಖ ಕಣ್ಣ ಮುಂದೆ ಇದ್ದುದರಿಂದ ತನ್ನ ಮೇಲೇ ತನಗೆ ನಂಬಿಕೆಯಿರಲಿಲ್ಲ. ಅವಳು ನನ್ನ ತಂಗಿಯಲ್ಲದೆ ಹೋಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆನೇ? ಕೊನೆಗೆ ನಕ್ಷೆ ತಯಾರಿಸುವ ಹುಡುಗಿಯನ್ನು ಕರೆದು, "ನಾಳೆ ಹೇಗಿರುತ್ತಮ್ಮ?" ಎಂದು ಕೇಳಿದ.

ಅವಳು ಪರದೆಯನ್ನೂ ಇವನನ್ನೂ ನೋಡಿ, "ಚೊಕ್ಕ ಬಿಸಿಲು ಸರ್. ಅಲ್ಲ, ನೀವು ನನ್ನ ಕೇಳ್ತಿದೀರಲ್ಲ, ಮೈ ಹುಷಾರಾಗಿದೆಯಾ?" ಎಂದಳು.

ದೀಪಗಳು ಹತ್ತಿದವು. ಹಸಿರು ಗೋಡೆಯ ಮುಂದೆ ನಿಂತ. ಕಿವಿಯಲ್ಲಿ ಸಿಕ್ಕಿಸಿದ ಗುಂಡಿಯಲ್ಲಿ ನಿರ್ಮಾಪಕನ ದನಿ: "ಸಾರ್, ವೀಕೆಂಡು. ಕೊನೇಲಿ ಒಂದು 'ಅಲ್ಲಲ್ಲಿ' ಹಾಕಿಬಿಡಿ."

"ನಾಳೆ ಮಳೆ ಬರುವುದಿಲ್ಲ" ಎಂದ ಅವನು.

ಸುದ್ದಿ ಓದುವವಳು ಕಾಗದದಿಂದ ತಲೆಯೆತ್ತಿದಳು. "ಹಾಗಾದರೆ ಛತ್ರಿ ಬೇಡವೇ?"

"ಬೇಡ. ಮನೆಯಲ್ಲೇ ಬಿಟ್ಟು ಹೊರಡಿ."

ಕಿವಿಯೊಳಗಿನ ದನಿ ಸತ್ತುಹೋಯಿತು. ಅವನಿಗೆ ಇಷ್ಟು ವರ್ಷದಲ್ಲಿ ಹೀಗೆ ಬೆನ್ನಿಗೆ ಗೋಡೆಯೇ ಇಲ್ಲದೆ ನಿಂತದ್ದು ಇದೇ ಮೊದಲು ಅನ್ನಿಸಿತು.

ಶನಿವಾರ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅವನ ಕೆಲಸ ಸಂಜೆಗೆ. ಬೆಳಿಗ್ಗೆಯೇ ಹೆಂಡತಿ, ಮಗಳನ್ನು ಕರೆದುಕೊಂಡು, ಟಿಕೆಟ್ಟಿಗೆ ಸಾಲು ನಿಂತಿರುತ್ತದೆ, ಒಂದು ಕೈ ಸಹಾಯವಾಗಲಿ ಎಂದು ಕೆರೆಗೆ ಬಂದ. ಟಿಕೆಟ್ ಹುಡುಗಿ ಗೂಡಿನಲ್ಲಿ ಕುಳಿತು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ದೋಣಿಗಳೆಲ್ಲ ಕಟ್ಟಿದಲ್ಲೇ ಇದ್ದವು. ತಂಗಿಯ ಗಂಡ ಕಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದ. ಒಂದು ನರಪಿಳ್ಳೆಯೂ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ದಡದ ದಾರಿಯಲ್ಲಿ ಒಬ್ಬ ಹಿರಿಯರು ಬಂದರು. ನೆತ್ತಿ ಸುಡುವ ಬಿಸಿಲಿನಲ್ಲಿ ಅವರ ಕಂಕುಳಲ್ಲಿ ದೊಡ್ಡ ಕಪ್ಪು ಛತ್ರಿ. ಇವನ ಗುರುತು ಹಿಡಿದು ನಿಂತರು.

"ನೀವಲ್ವಾ ಟೀವೀಲಿ ಬರೋರು?"

"ಹೌದು. ಛತ್ರಿ ಯಾಕೆ ಯಜಮಾನ್ರೇ? ಮಳೆ ಇಲ್ಲ ಅಂದಿದ್ನಲ್ಲ."

"ಅದಕ್ಕೇ ಸ್ವಾಮಿ ತಂದಿದ್ದು!" ಎಂದರು ಅವರು. "ನೀವು ದಿನಾ ಬರುತ್ತೆ ಅಂತೀರಿ, ಬರಲ್ಲ. ನಿನ್ನೆ ಬರಲ್ಲ ಅಂದ್ರಲ್ಲ, ನಮ್ಮನೇಲಿ ಎಲ್ರಿಗೂ ಭಯ ಆಗೋಯ್ತು. ಇವತ್ತು ಪ್ರಳಯಾನೇ ಆಗುತ್ತೆ ಅಂತ ನನ್ನ ಸೊಸೆ ಮಕ್ಕಳನ್ನ ಹೊರಗೇ ಬಿಟ್ಟಿಲ್ಲ. ಪಕ್ಕದ ಮನೆಯವ್ರೂ ಅಷ್ಟೆ."

ಅವನು ಬೆಪ್ಪನಾಗಿ ನಿಂತ. ಹಿಂದುಗಡೆ ಕಿಸಕ್ಕೆಂದಿತು. ತಿರುಗಿದರೆ ತಂಗಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಭುಜ ಕುಲುಕುತ್ತಿದೆ. ಅದನ್ನು ನೋಡಿ ಮಗಳು ನಕ್ಕಳು, ಹೆಂಡತಿ ನಕ್ಕಳು, ಹಿರಿಯರೂ ಯಾಕೆಂದು ತಿಳಿಯದೆ ನಕ್ಕರು. ಅವನಿಗೆ ನಗು ಬರಲಿಲ್ಲ. ಒಂದು ದಿನ ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ ತನ್ನ ದಡ್ಡತನಕ್ಕೆ ಅಳು ಬಂದ ಹಾಗಾಯಿತು. ನಂಬಿಕೆ ಕೆಡಿಸಿದ್ದು ವರ್ಷಗಟ್ಟಲೆ, ಕಟ್ಟಲು ಹೊರಟದ್ದು ಒಂದು ಶುಕ್ರವಾರದಲ್ಲಿ. ತಂಗಿ ನಗು ತಡೆದುಕೊಂಡು ಗಂಡನಿಗೆ ಹೇಳಿದಳು: "ನಿಮ್ಮ ಭಾವನಿಗೆ ಹೇಳಿ, ನೆರಳಿಗೆ ಬರೋಕೆ. ತಲೆ ಸುಟ್ಕೊಂಡು ನಿಂತಿದಾನೆ."

ಮಧ್ಯಾಹ್ನದ ಮೇಲೆ, ಪ್ರಳಯ ಆಗುವ ಸುಳಿವಿಲ್ಲವೆಂದು ಖಾತ್ರಿಯಾದ ಮೇಲೆ, ಜನ ಒಬ್ಬೊಬ್ಬರೇ ಬಂದರು. ಸಾಲು ಅನ್ನುವಷ್ಟಲ್ಲ. ಆದರೂ ಐದಾರು ದೋಣಿಗಳು ನೀರಿಗಿಳಿದವು. ಅವನು ಕೆಲಸಕ್ಕೆ ಹೊರಡುವಾಗ ತಂಗಿಯ ಗಂಡ ಫೋನು ಹಿಡಿದುಕೊಂಡು ಓಡಿಬಂದ. ಮುಖ ಊರಗಲವಾಗಿತ್ತು. "ಭಾವ, ಯಾವುದೋ ಆಫೀಸಿನವ್ರು, ಮನೆಮಂದಿಯೆಲ್ಲ ಸೇರಿ ನಾಳೆಗೆ ಅಷ್ಟೂ ದೋಣಿ ಕೇಳ್ತಿದಾರೆ! 'ಟೀವಿಯವ್ರು ಹೇಳಿದ್ದು ಇವತ್ತು ನಿಜ ಆಯ್ತಲ್ಲ, ನಾಳೆಗೂ ಅವ್ರು ಮಳೆ ಇಲ್ಲ ಅಂದ್ರೆ ಬರ್ತೀವಿ' ಅಂದ್ರು. ಇದೊಂದು ಆಗಿಬಿಟ್ರೆ, ಮಾರೋ ಮಾತು ಬಿಡೋಣ ಅಂತ ಇವಳಿಗೆ ಹೇಳಬಹುದು."

ಚಾನೆಲ್ಲಿಗೆ ಬಂದು ಕುಳಿತು ಪರದೆ ನೋಡಿದ. ಮಧ್ಯಾಹ್ನದಿಂದ ಗಾಳಿ ದಿಕ್ಕು ಬದಲಿಸಿತ್ತು. ಸಮುದ್ರದ ಮೇಲೆ ಮೋಡದ ದಟ್ಟ ಸುರುಳಿ. ಭಾನುವಾರಕ್ಕೆ ನೂರಕ್ಕೆ ತೊಂಬತ್ತು. ನಕ್ಷೆಯ ಹುಡುಗಿ ಹೊಸದಾಗಿ ಲೆಕ್ಕ ತರಿಸಿದಳು. ತೊಂಬತ್ತೇ.

ಸೇರಿಸಿ ಪಳಗಿದ ಕೈಗೆ ಕಳೆಯುವುದು ಕಷ್ಟವಲ್ಲ. 'ಭಾಗಶಃ ಮೋಡ' ಎಂದರೆ ಯಾರೂ ಗಲ್ಲಿಗೇರಿಸುವುದಿಲ್ಲ. ಆಫೀಸಿನವರು ಬರುತ್ತಾರೆ, ಒಂದು ಸುತ್ತು ಹಾಕುವಷ್ಟು ಹೊತ್ತು ಆಕಾಶ ತಡೆದರೂ ತಡೆದೀತು. ತಂಗಿಗಾಗಿ ಅಷ್ಟು ಮಾಡಬಾರದೇ? ಮೇಕಪ್ ಮಾಡುವ ಹೆಂಗಸು ಪೌಡರು ಹಚ್ಚಲು ಬಂದರೆ, ಒಂದು ನಿಮಿಷ ಎಂದು ಕೈ ತೋರಿಸಿ ಕಾರಿಡಾರಿಗೆ ಹೋಗಿ ತಂಗಿಯ ಗಂಡನಿಗೆ ಫೋನು ಮಾಡಿದ.

ಎತ್ತಿದ್ದು ತಂಗಿ. "ಅವ್ರು ದೋಣಿ ಕಟ್ತಿದಾರೆ" ಎಂದಳು.

"ನಿನ್ ಹತ್ರಾನೇ ಹೇಳ್ಬೇಕಿತ್ತು ಪುಟ್ಟಿ. ನಾಳೆ ಮಳೆ ಇದೆ. ಬೆಳಿಗ್ಗೆಯಿಂದ್ಲೇ. ಜೋರು."

ಆ ಕಡೆಯಿಂದ ದಡಕ್ಕೆ ನೀರು ಬಡಿಯುವ ಸದ್ದು ಕೇಳುತ್ತಿತ್ತು.

"ನಿಜವಾದ್ದಾ, ಉದುರಿಸಿದ್ದಾ?"

"ನಿಜವಾದ್ದು. ನೀನು ಹೂಂ ಅಂದ್ರೆ ಸ್ವಲ್ಪ ಮೆತ್ತಗೆ ಹೇಳ್ತೀನಿ. ಮೋಡ ಇರಬಹುದು ಅಂತ ಅಷ್ಟೆ. ಅವರಾದ್ರೂ ಬಂದು..."

"ಬಂದು? ಮಕ್ಕಳನ್ನ ಕಟ್ಕೊಂಡು ಬರ್ತಾರೆ ಅಣ್ಣ. ನಡುನೀರಲ್ಲಿ ಗುಡುಗಿದ್ರೆ ಯಾರು ಹೊಣೆ, ನೀನಾ ನಾನಾ?"

ಅಣ್ಣ. ಆ ಊಟದ ದಿನದಿಂದ ಆ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಗೋಡೆಗೆ ಒರಗಿಕೊಂಡ.

"ಹಾಗಾದ್ರೆ ದೋಣಿ..." ಎಂದ. "ಮಾರೋದು..."

"ಸುರಿಯೋ ಮಳೇಲಿ ದೋಣಿ ಕೊಳ್ಳೋಕೆ ಯಾವ ಮಹಾರಾಯ ಬರ್ತಾನೆ? ಅವೆಲ್ಲ ಆಮೇಲೆ. ನೀನು ಹೋಗಿ ಇದ್ದ ಹಾಗೆ ಹೇಳು. ನಾನು ಟಾರ್ಪಾಲು ಹುಡುಕ್ತೀನಿ." ಫೋನು ಇಟ್ಟಳೇನೋ ಎಂದುಕೊಳ್ಳುವಷ್ಟರಲ್ಲಿ ಮತ್ತೆ ದನಿ ಬಂತು, ಸಣ್ಣವಳಿದ್ದಾಗಿನ ಹಾಗೆ ಗದರಿಸುವ ದನಿ. "ಬಿಸಿಲು ಯಾವತ್ತು ಅಂತ ನೀನು ಹೇಳ್ತೀಯಲ್ಲ, ಅವತ್ತು ಗೂಡಿನ ಬಾಗಿಲು ತೆಗೀತೀನಿ."